ಗ್ರಾಫಿಕ್ಸ್ ಕೋಡಿಂಗ್‌ಗೆ ಮೊದಲ ಮೆಟ್ಟಿಲು ಯಾವುದು? ಸ್ಕ್ರಾಚ್, ಟರ್ಟಲ್, ಪಿ5, ಟರ್ಬೊ ಸಿ, ಓಪನ್‌ಜಿಎಲ್

‘ಸರ್, ಗೇಮ್ ಮಾಡೋದು ಕಲೀಬೇಕ್ರಿ, ಯಾವ ಕೋರ್ಸ್ ಸೇರಲಿ?’ ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ಬಿಸಿಲಿನ ಜೊತೆಗೇ ಈ ಪ್ರಶ್ನೆಯೂ ಬರುತ್ತದೆ. ಕಂಪ್ಯೂಟರ್ ಸೆಂಟರ್‌ಗಳ ಪಾಂಪ್ಲೆಟ್‌ನಲ್ಲಿ ಸಿ, ಸಿ++, ಜಾವಾ, ಪೈಥಾನ್ ಎಲ್ಲದರ ಹೆಸರೂ ಇರುತ್ತದೆ. ಯಾವುದು ಯಾರಿಗೆ, ಯಾತಕ್ಕೆ ಅಂತ ಮಾತ್ರ ಇರುವುದಿಲ್ಲ. ಚಿತ್ರ ಬಿಡಿಸಬೇಕು, ಅದನ್ನು ಓಡಾಡಿಸಬೇಕು ಅಂತ ಆಸೆಪಟ್ಟು ಬಂದ ಹುಡುಗ ಕೊನೆಗೆ ಕಪ್ಪು ಪರದೆಯ ಮೇಲೆ ಫಿಬೊನಾಚಿ ಸಂಖ್ಯೆ ಪ್ರಿಂಟ್ ಮಾಡುತ್ತಾ ಕೂತಿರುತ್ತಾನೆ.

ತಲೆಬರಹದ ಐದೂ ಕೋಡ್ ಬರೆದು ಚಿತ್ರ ಮಾಡುವ ದಾರಿಗಳು, ಒಂದೊಂದರ ಪರಿಚಯ ಮುಂದೆ ಬರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲು ದಾಟಿದವರು ಪಿ5 ಜೆಎಸ್‌ನಿಂದ ಶುರು ಮಾಡಿ. ಮಗು ಇನ್ನೂ ಐದು, ಆರು, ಏಳನೇ ಕ್ಲಾಸಿನಲ್ಲಿದ್ದರೆ ಸ್ಕ್ರಾಚ್. ಶಾಲೆಯಲ್ಲೋ ಕಾಲೇಜಿನಲ್ಲೋ ಆಗಲೇ ಪೈಥಾನ್ ಹೇಳಿಕೊಡುತ್ತಿದ್ದರೆ ಟರ್ಟಲ್. ಟರ್ಬೊ ಸಿ ಲ್ಯಾಬ್ ಪರೀಕ್ಷೆ ಇದ್ದವರಿಗೆ ಮಾತ್ರ. ಓಪನ್‌ಜಿಎಲ್ ಒಳ್ಳೆಯದೇ, ಆದರೆ ಮೊದಲ ಮೆಟ್ಟಿಲಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಿ ಶುರು ಮಾಡಬಹುದು. ಆದರೆ ನಿಮ್ಮ ಕೈಯಲ್ಲಿರುವುದು ಹಳೇ ಲ್ಯಾಪ್‌ಟಾಪೋ, ಬರೀ ಫೋನೋ ಎಂಬುದರ ಮೇಲೆ ಈ ಉತ್ತರ ಬದಲಾಗಬಹುದು. ಅದಕ್ಕೆ ಕಾರಣಗಳನ್ನೂ ಓದಿ.

ನನ್ನ ಅಳತೆ ಒಂದೇ. ಕೂತ ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಏನಾದರೂ ಕಾಣಬೇಕು. ಅದು ತಪ್ಪಾಗಿ ಕಂಡರೆ ಯಾಕೆ ತಪ್ಪಾಯಿತು ಅಂತ ಆ ಚಿತ್ರ ನೋಡಿಯೇ ಅಂದಾಜು ಸಿಗಬೇಕು. ಗೆರೆ ಎಡಕ್ಕೆ ಹೋಗಬೇಕಿತ್ತು, ಬಲಕ್ಕೆ ಹೋಯಿತು: ಇದು ತಪ್ಪು, ಆದರೆ ಪಾಠ ಹೇಳುವ ತಪ್ಪು. ಪರದೆ ಪೂರ್ತಿ ಕಪ್ಪಾಗಿ ಕೂತರೆ ಹೊಸಬರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಲಿಯುವುದನ್ನು ಅರ್ಧಕ್ಕೆ ಬಿಡುವುದು ಹೆಚ್ಚಾಗಿ ಈ ಕಪ್ಪು ಪರದೆಯ ಮುಂದೆಯೇ.

ಎಲ್ಲದಕ್ಕೂ ಒಂದೇ ಪರೀಕ್ಷೆ

ಹೋಲಿಸಬೇಕು ಅಂದರೆ ಐದರಲ್ಲೂ ಒಂದೇ ಚಿತ್ರ ಮಾಡಿ ನೋಡಬೇಕು. ನಾನು ಆರಿಸಿಕೊಂಡದ್ದು ಸಂಡೂರಿನ ಲಂಬಾಣಿ ಕಸೂತಿಯ ಅಂಚು. ಭೌಗೋಳಿಕ ಸೂಚಕ ಪಡೆದ ಕಸೂತಿ ಅದು. ಲಂಗದ ಅಂಚನ್ನು ಹತ್ತಿರದಿಂದ ನೋಡಿ: ಚೌಕ, ತ್ರಿಕೋನ, ನಡುವೆ ಕನ್ನಡಿ, ಮತ್ತೆ ಅದೇ, ಮತ್ತೆ ಅದೇ. ಕೋಡಿಂಗ್‌ನಲ್ಲಿ ‘ಲೂಪ್’ ಅಂತ ಕರೆಯುವುದು ಇದನ್ನೇ.

ಪರೀಕ್ಷೆಯಲ್ಲಿ ಮೂರು ಹಂತ. ಒಂದು, ಓರೆ ಮಾಡಿಟ್ಟ ಚೌಕದೊಳಗೆ ಒಂದು ದುಂಡು ಕನ್ನಡಿ. ಎರಡು, ಅಂಥವು ಎಂಟು ಸಾಲಾಗಿ. ಮೂರು, ಮೌಸ್ ಹತ್ತಿರ ಬಂದಾಗ ಆ ಕನ್ನಡಿ ಫಳಕ್ ಅನ್ನಬೇಕು. ಮೊದಲನೆಯದರಲ್ಲಿ ಜಾಗ ಗುರುತಿಸುವುದು ಬರುತ್ತದೆ, ಎರಡನೆಯದರಲ್ಲಿ ಲೂಪ್, ಮೂರನೆಯದರಲ್ಲಿ ‘ಹೀಗಾದರೆ ಹಾಗೆ’ ಎಂಬ ಷರತ್ತು. ಗ್ರಾಫಿಕ್ಸ್‌ನ ತಳಪಾಯ ಇಷ್ಟೇ. ಮುಂದೆ ಬರುವುದೆಲ್ಲ ಇದರ ಮೇಲಿನ ಮಹಡಿ.

ಒಂದು ಮಾತು: ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹೊಡೆಯಬೇಕು.

ಸ್ಕ್ರಾಚ್

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದದ್ದು. ಟೈಪಿಂಗ್ ಬೇಡ, ಬಣ್ಣಬಣ್ಣದ ಬ್ಲಾಕ್‌ಗಳನ್ನು ಎಳೆದು ಒಂದಕ್ಕೊಂದು ಜೋಡಿಸಿದರೆ ಆಯಿತು. ಸ್ಪೆಲ್ಲಿಂಗ್ ತಪ್ಪಿತು, ಸೆಮಿಕೋಲನ್ ಮರೆತುಹೋಯಿತು ಎಂಬ ಗೋಳೇ ಇಲ್ಲ. ಸ್ಟೇಜ್, ಅಂದರೆ ಚಿತ್ರ ಕಾಣುವ ಜಾಗ, 480 ಅಗಲ, 360 ಎತ್ತರ. ಸೊನ್ನೆ ಸರಿಯಾಗಿ ನಡುವೆ ಇರುತ್ತದೆ. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದಿದ್ದೂ ಹೀಗೇ ಅಲ್ವಾ? ಎಂಟು ಕನ್ನಡಿ ಸಾಲಾಗಿ ಬೇಕೆಂದರೆ ಮೈನಸ್ 210ರಿಂದ ಶುರು ಮಾಡಿ, ಪ್ರತಿ ಸಲ 60 ಕೂಡಿಸುತ್ತಾ ಹೋದರೆ ಎಂಟನೆಯದು ಪ್ಲಸ್ 210ಕ್ಕೆ ಬಂದು ನಿಲ್ಲುತ್ತದೆ. ಮೈನಸ್ ಸಂಖ್ಯೆ ಅಂದರೆ ಹೆದರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಆದರೆ ಇದರಲ್ಲಿ ಚೌಕ, ವೃತ್ತ ಬಿಡಿಸುವ ಬ್ಲಾಕೇ ಇಲ್ಲ. ಪೆನ್ ಎಂಬ ಎಕ್ಸ್‌ಟೆನ್ಶನ್ ಸೇರಿಸಿಕೊಂಡು ಗೆರೆ ಎಳೆಯಬಹುದು, ಒಳಗೆ ಬಣ್ಣ ತುಂಬಲು ಬರುವುದಿಲ್ಲ. ಸುಲಭದ ದಾರಿ ಅಂದರೆ ಒಂದು ಕನ್ನಡಿಯನ್ನು ಅಲ್ಲೇ ಪೇಂಟ್ ಎಡಿಟರ್‌ನಲ್ಲಿ ಬಿಡಿಸಿ, ಎಂಟು ಸಲ ಸ್ಟ್ಯಾಂಪ್ ಒತ್ತುವುದು. ಇಲ್ಲೇ ಒಂದು ಸಿಕ್ಕು. ಸ್ಟ್ಯಾಂಪ್ ಬರೀ ಗುರುತು, ಮೌಸ್ ತಾಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಮೂರನೇ ಹಂತಕ್ಕೆ ಸ್ಟ್ಯಾಂಪ್ ಬಿಟ್ಟು ‘ಕ್ಲೋನ್’, ಅಂದರೆ ಮೌಸ್ ತಾಗಿದರೆ ತಿಳಿಯುವ ನಕಲು, ಮಾಡಬೇಕು. ಒಂದು ಪ್ರಾಜೆಕ್ಟ್‌ನಲ್ಲಿ 300 ಕ್ಲೋನ್‌ವರೆಗೆ ಮಾತ್ರ ಆಗುತ್ತದೆ. ಮಕ್ಕಳ ಗೇಮ್‌ಗೆ ಅದು ಧಾರಾಳ.

ಪಿಯುಸಿ ಹುಡುಗರಿಗೆ ಇದನ್ನು ಕೊಟ್ಟರೆ ‘ಇದು ಸಣ್ಣ ಮಕ್ಕಳದ್ದು’ ಅಂತ ಮುಖ ಗಂಟಿಕ್ಕುತ್ತಾರೆ. ಬಲವಂತ ಬೇಡ. ಐದರಿಂದ ಏಳು ವರ್ಷದ ಮಕ್ಕಳಿಗೆ ಸ್ಕ್ರಾಚ್ ಜೂನಿಯರ್ ಅಂತ ಬೇರೆಯೇ ಇದೆ, ಅದು ಟ್ಯಾಬ್ಲೆಟ್‌ಗೆ.

ಪೈಥಾನ್ ಟರ್ಟಲ್

ಪರದೆಯ ಮೇಲೊಂದು ಬಾಣ. ‘ಫಾರ್ವರ್ಡ್ 100’ ಅಂದರೆ ಮುಂದೆ ಹೋಗುತ್ತದೆ, ‘ಲೆಫ್ಟ್ 90’ ಅಂದರೆ ಎಡಕ್ಕೆ ತಿರುಗುತ್ತದೆ, ಹೋದ ದಾರಿಯಲ್ಲಿ ಗೆರೆ ಬಿಡುತ್ತದೆ. ಕಲ್ಪನೆ ಹಳೆಯದು. 1967ರಲ್ಲಿ ಮಕ್ಕಳಿಗಾಗಿ ಹುಟ್ಟಿದ ಲೋಗೊ ಭಾಷೆಯ ಆಮೆಯೇ ಇದು. ಸೆಮೌರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫ್ಯೂರ್ಜಿಗ್ ಸೇರಿ ಮಾಡಿದ್ದು. ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಂಡರೆ ಟರ್ಟಲ್ ಜೊತೆಗೇ ಬರುತ್ತದೆ, ಬೇರೆ ಏನೂ ಇಳಿಸಬೇಕಿಲ್ಲ. ಒಮ್ಮೆ ಹಾಕಿಕೊಂಡ ಮೇಲೆ ಇಂಟರ್ನೆಟ್ ಕೂಡ ಬೇಡ. ಕನಕಗಿರಿ, ದೇವದುರ್ಗದ ಕಡೆಯ ಹಳ್ಳಿಯಲ್ಲಿ ಕೂತು ಕಲಿಯುವವರಿಗೆ ಇದು ಸಣ್ಣ ಲಾಭವಲ್ಲ.

ಕೋನ ಅರ್ಥವಾಗಬೇಕಾದರೆ ಟರ್ಟಲ್‌ಗೆ ಸಾಟಿಯಿಲ್ಲ. ಚೌಕಕ್ಕೆ 90 ಡಿಗ್ರಿ ತಿರುಗಿಸಿ ನಾಲ್ಕು ಸಲ ನಡೆಸಿ. ಷಟ್ಕೋನಕ್ಕೆ 60, ಆರು ಸಲ. ಆಮೆ ಪೂರ್ತಿ ಸುತ್ತು ಹಾಕಿ ಮೊದಲಿನ ದಿಕ್ಕಿಗೇ ಬರಬೇಕು ಅಂದರೆ ಒಟ್ಟು 360 ತಿರುಗಬೇಕು. ಎಷ್ಟು ಬದಿಯೋ ಅಷ್ಟರಿಂದ 360ನ್ನು ಭಾಗಿಸಿದರೆ ಮುಗಿಯಿತು. ಐದು ಮೂಲೆಯ ನಕ್ಷತ್ರಕ್ಕೆ ಮಾತ್ರ 144. ಅದು ಯಾಕೆ 72 ಅಲ್ಲ ಅಂತ ಹುಡುಗರನ್ನೇ ಕೇಳಿ, ಸುಮ್ನೆ ಹೇಳಿಬಿಡಬೇಡಿ. 72 ಹಾಕಿದರೆ ಪಂಚಕೋನ ಬರುತ್ತದೆ. 144 ಅಂದರೆ 72ರ ಎರಡರಷ್ಟು, ಆಮೆ ಎರಡು ಸುತ್ತು ತಿರುಗಿ ವಾಪಸ್ಸು ಬರುತ್ತದೆ. ಇದನ್ನು ಪರದೆಯ ಮೇಲೆ ಕಂಡವರು ಮರೆಯುವುದಿಲ್ಲ.

ನಮ್ಮ ಕಸೂತಿ ಅಂಚಿಗೆ ಬಂದಾಗ ಆಮೆ ಸ್ವಲ್ಪ ತಿಣುಕುತ್ತದೆ. ಓರೆ ಚೌಕದ ನಡುವಿನಿಂದ ಮೂಲೆಗೆ 25 ಇರಬೇಕೆಂದರೆ ಬದಿ ಎಷ್ಟು? 25ನ್ನು ಎರಡರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 35.4. ಗಣಿತ ಬಾರದವರು ಇಲ್ಲಿ ನಿಂತುಬಿಡುತ್ತಾರೆ. ಇನ್ನೊಂದು: ‘ಸರ್ಕಲ್ 8’ ಅಂದರೆ ಆಮೆ ನಿಂತ ಜಾಗ ವೃತ್ತದ ನಡು ಅಂದುಕೊಳ್ಳುತ್ತೇವೆ, ಅಲ್ಲ. ಅದು ವೃತ್ತದ ಅಂಚಿನಲ್ಲಿ ನಿಂತಿರುತ್ತದೆ, ನಡು ಅದರ ಎಡಗಡೆಗಿರುತ್ತದೆ. ಹಾಗಾಗಿ ಕನ್ನಡಿಗಳು ಚೌಕದಿಂದ ಜಾರಿ ಕೂರುತ್ತವೆ. ನಡುವೆಯೇ ಬೇಕೆಂದರೆ ‘ಡಾಟ್ 16’ ಬಳಸಿ, ಅದು ನಿಂತ ಜಾಗವನ್ನೇ ನಡು ಮಾಡಿಕೊಂಡು 16 ವ್ಯಾಸದ ಚುಕ್ಕೆ ಇಡುತ್ತದೆ.

ಮೂರನೇ ಹಂತದಲ್ಲಿ ಟರ್ಟಲ್ ಹಿಂದೆ ಬೀಳುತ್ತದೆ. ಕ್ಲಿಕ್ ಮಾಡಿದರೆ, ಎಳೆದರೆ ಅದಕ್ಕೆ ತಿಳಿಯುತ್ತದೆ. ಮೌಸ್ ಸುಮ್ಮನೆ ಮೇಲೆ ಹಾದುಹೋದರೆ ತಿಳಿದುಕೊಳ್ಳುವ ನೇರ ಕಮಾಂಡ್ ಇಲ್ಲ. ಓಟವೂ ನಿಧಾನ. ‘ಸ್ಪೀಡ್ 0’ ಕೊಟ್ಟರೆ ಸ್ವಲ್ಪ ಚುರುಕಾಗುತ್ತದೆ, ‘ಟ್ರೇಸರ್ 0’ ಕೊಟ್ಟು ಕೊನೆಗೆ ‘ಅಪ್‌ಡೇಟ್’ ಅಂದರೆ ಚಿತ್ರ ಒಮ್ಮೆಗೇ ಬರುತ್ತದೆ. ಆದರೂ ಗೇಮ್ ಮಾಡಲು ಇದು ಹೇಳಿ ಮಾಡಿಸಿದ್ದಲ್ಲ. ಆ ಹೊತ್ತಿಗೆ ಪೈಥಾನ್ ಕೈಗೆ ಹತ್ತಿದ್ದರೆ ಅದರಲ್ಲೇ ಗೇಮ್ ಮಾಡಿಸುವ ಪೈಗೇಮ್‌ಗೆ ಹೋಗಿ.

ಟರ್ಟಲ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಬೀಳುವ ಗುಂಡಿಯೊಂದಿದೆ. ಫೈಲಿಗೆ ‘ಟರ್ಟಲ್.ಪಿವೈ’ ಅಂತಲೇ ಹೆಸರಿಡಬೇಡಿ. ಪೈಥಾನ್ ತನ್ನ ಟರ್ಟಲ್ ಬಿಟ್ಟು ನಿಮ್ಮ ಫೈಲನ್ನೇ ಟರ್ಟಲ್ ಅಂದುಕೊಂಡು ಎರರ್ ಕೊಡುತ್ತದೆ. ಕೋಡ್ ನೂರು ಸಲ ಓದಿದರೂ ತಪ್ಪು ಸಿಗುವುದಿಲ್ಲ, ಯಾಕೆಂದರೆ ತಪ್ಪು ಕೋಡಿನಲ್ಲಿಲ್ಲ.

ಬಳ್ಳಾರಿಯವರಿಗೆ ಇನ್ನೊಂದು ಸುದ್ದಿ. ಟರ್ಟಲ್‌ಸ್ಟಿಚ್ ಅಂತ ಒಂದಿದೆ. ಸ್ಕ್ರಾಚ್ ತರಹದ ಬ್ಲಾಕ್‌ಗಳಿಂದಲೇ ಆಮೆಯನ್ನು ಓಡಿಸುತ್ತೀರಿ, ಅದು ನಡೆದ ದಾರಿ ಹೊಲಿಗೆಯಾಗುತ್ತದೆ. ಕಂಪ್ಯೂಟರ್ ಎಂಬ್ರಾಯಿಡರಿ ಮಷೀನ್ ಓದುವ ಫೈಲನ್ನೇ ಅದು ಕೊಡುತ್ತದೆ. ಜೀನ್ಸ್ ಹೊಲಿಯುವ ಊರಿನಲ್ಲಿ ಇದನ್ನು ಇನ್ನೂ ಹೆಚ್ಚು ಜನ ಕೈಗೆತ್ತಿಕೊಳ್ಳಬೇಕಿತ್ತು.

ಪಿ5 ಜೆಎಸ್

ಇದರ ಅಣ್ಣ ಪ್ರೊಸೆಸಿಂಗ್. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರು ಮಾಡಿದ್ದು, ಜಾವಾ ಮೇಲೆ ನಿಂತದ್ದು. ಕಲಾವಿದರಿಗೂ ಕೋಡ್ ಬರೆಯಲು ಬರಬೇಕು ಎಂಬುದು ಅವರ ಹಟ. ಅದೇ ಕಲ್ಪನೆಯನ್ನು ಬ್ರೌಸರ್‌ಗೆ, ಜಾವಾಸ್ಕ್ರಿಪ್ಟ್‌ಗೆ ತಂದವರು ಲಾರೆನ್ ಲೀ ಮೆಕಾರ್ಥಿ, 2013ರಲ್ಲಿ. ಹಾಕಿಕೊಳ್ಳುವುದು ಏನೂ ಇಲ್ಲ. ಬ್ರೌಸರ್‌ನಲ್ಲಿ ಪಿ5 ಎಡಿಟರ್ ತೆರೆಯಿರಿ, ಎಡಗಡೆ ಬರೆಯಿರಿ, ಬಲಗಡೆ ನೋಡಿ.

ತೆರೆದಾಗಲೇ ಎರಡು ಭಾಗ ಕಾಣುತ್ತವೆ, ‘ಸೆಟಪ್’ ಮತ್ತು ‘ಡ್ರಾ’. ಸೆಟಪ್ ಒಂದೇ ಸಲ ಓಡುತ್ತದೆ: ಕ್ಯಾನ್ವಾಸ್ ಎಷ್ಟು ಅಗಲ, ಎಷ್ಟು ಎತ್ತರ ಅಂತ ಅಲ್ಲಿ ಹೇಳುವುದು. ಡ್ರಾ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಓಡುತ್ತಲೇ ಇರುತ್ತದೆ. ಗೇಮ್, ಅನಿಮೇಶನ್ ಎಲ್ಲದರ ಗುಟ್ಟು ಇಲ್ಲೇ ಇದೆ. ಚಿತ್ರ ಅಲುಗುವುದಿಲ್ಲ, ಪ್ರತಿ ಸಲ ಅಳಿಸಿ ಸ್ವಲ್ಪ ಪಕ್ಕದಲ್ಲಿ ಹೊಸದಾಗಿ ಬಿಡಿಸುತ್ತೇವೆ. ಕಣ್ಣು ಅದನ್ನು ಓಟ ಅಂದುಕೊಳ್ಳುತ್ತದೆ. ಅಳಿಸುವ ಕೆಲಸ ‘ಬ್ಯಾಕ್‌ಗ್ರೌಂಡ್’ ಕಮಾಂಡಿನದು. ಅದನ್ನು ಮರೆತರೆ ಚೆಂಡು ಓಡಿದ ದಾರಿಯುದ್ದಕ್ಕೂ ಬಣ್ಣ ಬಳಿದುಕೊಂಡು ಹೋಗುತ್ತದೆ. ನಾನು ಹೇಳಿದ್ದು ಇಂಥ ತಪ್ಪನ್ನೇ. ಹುಡುಗರು ಅದನ್ನು ನೋಡಿ ನಗುತ್ತಾರೆ, ಆಮೇಲೆ ಬೇಕಂತಲೇ ಬ್ಯಾಕ್‌ಗ್ರೌಂಡ್ ತೆಗೆದು ಆಟವಾಡುತ್ತಾರೆ, ಅಷ್ಟರಲ್ಲಿ ಫ್ರೇಮ್ (ಒಂದು ಸಲ ಬಿಡಿಸಿದ ಪೂರ್ತಿ ಚಿತ್ರ) ಅಂದರೇನು ಅಂತ ಅರ್ಥವಾಗಿಬಿಟ್ಟಿರುತ್ತದೆ.

ಕಸೂತಿ ಅಂಚು ಇಲ್ಲಿ ಸಲೀಸು. ಕ್ಯಾನ್ವಾಸ್ 480 ಅಗಲ ಇಟ್ಟುಕೊಳ್ಳಿ. ಮೊದಲ ಕನ್ನಡಿಯ ಎಕ್ಸ್ 30, ಮುಂದಿನದು 90, ಆಮೇಲೆ 150, ಹೀಗೆ 60 ಕೂಡಿಸುತ್ತಾ ಎಂಟನೆಯದು 450. ಓರೆ ಚೌಕಕ್ಕೆ ವರ್ಗಮೂಲ ಬೇಕಿಲ್ಲ. ‘ಕ್ವಾಡ್’ ಕಮಾಂಡಿಗೆ ನಾಲ್ಕು ಮೂಲೆ ಹೇಳಿದರೆ ಸಾಕು: ನಡುವಿನಿಂದ 25 ಮೇಲೆ, 25 ಬಲಕ್ಕೆ, 25 ಕೆಳಗೆ, 25 ಎಡಕ್ಕೆ. ಟರ್ಟಲ್ ಬದಿ ಮತ್ತು ಕೋನದ ಲೆಕ್ಕದಲ್ಲಿ ಯೋಚಿಸುತ್ತದೆ, ಪಿ5 ಬಿಂದುಗಳ ಲೆಕ್ಕದಲ್ಲಿ. ಮುಂದೆ ನೀವು ಹೋಗುವ ಎಲ್ಲ ಗ್ರಾಫಿಕ್ಸ್ ಜಗತ್ತೂ ಬಿಂದುಗಳದ್ದೇ. ಪಿ5ಕ್ಕೆ ನಾನು ಮೊದಲ ಜಾಗ ಕೊಡಲು ಇದೂ ಒಂದು ಕಾರಣ.

ಮೂರನೇ ಹಂತಕ್ಕೆ ‘ಡಿಸ್ಟ್’ ಎಂಬ ಕಮಾಂಡ್ ಮೌಸ್‌ಗೂ ಕನ್ನಡಿಗೂ ಇರುವ ದೂರ ಹೇಳುತ್ತದೆ. ದೂರ 25ಕ್ಕಿಂತ ಕಮ್ಮಿ ಇದ್ದರೆ ಬಿಳಿ ತುಂಬು, ಇಲ್ಲದಿದ್ದರೆ ಬೂದು. ಆ ಕಮಾಂಡಿನ ಒಳಗಿರುವುದು ಹತ್ತನೇ ಕ್ಲಾಸಿನ ಪೈಥಾಗೊರಸ್ ಪ್ರಮೇಯ. ‘ಇದರಿಂದ ಏನು ಉಪಯೋಗ ಸರ್’ ಅಂತ ಕೇಳಿದ್ದ ಹುಡುಗನಿಗೆ ಇದನ್ನು ತೋರಿಸಿ.

ಇದು ಮುಗಿದ ಮೇಲೆ ಕೊಪ್ಪಳದವರು ಕಿನ್ನಾಳ ಗೊಂಬೆಯ ಮುಖ ಬಿಡಿಸಲು ನೋಡಿ. ದೊಡ್ಡ ಕಣ್ಣು, ಕಪ್ಪು ಗೆರೆ, ಕೆಂಪು, ಹಳದಿ. ಅಂಡಾಕಾರ ಮತ್ತು ಕಮಾನು ಬಿಡಿಸುವ ಕಮಾಂಡ್‌ಗಳಾದ ಬರೀ ಎಲಿಪ್ಸ್ ಮತ್ತು ಆರ್ಕ್‌ನಲ್ಲಿ ಎಷ್ಟು ದೂರ ಹೋಗಬಹುದು ಅಂತ ಗೊತ್ತಾಗುತ್ತದೆ. ಕಣ್ಣುಗುಡ್ಡೆಯನ್ನು ಮೌಸ್ ಕಡೆ ಹೊರಳಿಸಿದರೆ ಮನೆಮಂದಿಯೆಲ್ಲ ಬಂದು ನೋಡುತ್ತಾರೆ.

ತಕರಾರೂ ಇವೆ. ಜಾವಾಸ್ಕ್ರಿಪ್ಟ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ‘ಕ್ರಿಯೇಟ್ ಕ್ಯಾನ್ವಾಸ್’ ಬರೆಯುವಾಗ ಎರಡನೇ ಪದದ ಮೊದಲ ಅಕ್ಷರ ದೊಡ್ಡದಿರಬೇಕು, ಇಲ್ಲದಿದ್ದರೆ ಓಡುವುದಿಲ್ಲ. ಪಿ5 ಸ್ವಲ್ಪ ಕರುಣೆ ತೋರಿಸಿ ‘ನೀವು ಹೀಗೆ ಬರೆಯಲು ಹೊರಟಿದ್ದಿರಾ’ ಅಂತ ಕೇಳುತ್ತದೆ, ಅದೂ ಇಂಗ್ಲಿಷ್‌ನಲ್ಲಿ. ಆಫ್‌ಲೈನ್ ಕೆಲಸಕ್ಕೆ ಲೈಬ್ರರಿ ಇಳಿಸಿಕೊಳ್ಳುವವರು ‘ಮಿನ್’ ಅಂತ ಇರುವ ಚಿಕ್ಕ ಫೈಲ್ ತಗೊಳ್ಳಬೇಡಿ. ಈ ಸಹಾಯದ ಮಾತುಗಳು ಅದರಲ್ಲಿ ಇರುವುದಿಲ್ಲ. ಮತ್ತೆ, ಆಫ್‌ಲೈನ್‌ನಲ್ಲಿ ಫೈಲನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ ಗೆರೆ, ವೃತ್ತ ಎಲ್ಲ ಬರುತ್ತವೆ, ಫೋಟೊ ಮಾತ್ರ ಬರುವುದಿಲ್ಲ. ಬ್ರೌಸರ್ ಸುರಕ್ಷತೆಗಾಗಿ ತಡೆಯುತ್ತದೆ. ಅದಕ್ಕೆ ಲೋಕಲ್ ಸರ್ವರ್, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಓಡಿ ಬ್ರೌಸರ್‌ಗೆ ಫೈಲ್ ಕೊಡುವ ಸಣ್ಣ ಪ್ರೋಗ್ರಾಂ, ಬೇಕು. 2025ರಲ್ಲಿ ಪಿ5ದ 2.0 ಬಂದಿದೆ, ಅದರಲ್ಲಿ ಫೋಟೊ ಮುಂತಾದವನ್ನು ಮೊದಲೇ ತರಿಸಿಕೊಳ್ಳುವ ಹಳೆಯ ‘ಪ್ರೀಲೋಡ್’ ತೆಗೆದಿದ್ದಾರೆ. ಹಳೇ ವಿಡಿಯೊ ನೋಡಿ ಬರೆದದ್ದು ಓಡದಿದ್ದರೆ ಮೊದಲು ವರ್ಷನ್ ಯಾವುದು ನೋಡಿ.

ಟರ್ಬೊ ಸಿ

ನೀಲಿ ಪರದೆ. ನಮ್ಮ ಭಾಗದ ಎಷ್ಟೋ ಲ್ಯಾಬ್‌ಗಳಲ್ಲಿ ಇದನ್ನು ಕಂಡವರೇ ಎಲ್ಲ. 1990ರ ದಶಕದ ಆರಂಭದ ಸಾಫ್ಟ್‌ವೇರ್, 16 ಬಿಟ್‌ನದ್ದು. ಇವತ್ತಿನ 64 ಬಿಟ್ ವಿಂಡೋಸ್ ಅದನ್ನು ನೇರವಾಗಿ ಓಡಿಸುವುದೇ ಇಲ್ಲ, ಡಾಸ್‌ಬಾಕ್ಸ್ ಒಳಗೆ ಕೂರಿಸಬೇಕು. ಅಂದರೆ ಹಳೇ ಕಂಪ್ಯೂಟರಿನ ವೇಷ ಹಾಕಿಸಿ ಅದನ್ನು ನಂಬಿಸಬೇಕು.

ಚಿತ್ರಕ್ಕೆ ಬೇಕಾದದ್ದು ಗ್ರಾಫಿಕ್ಸ್.ಎಚ್. ಮೊದಲು ‘ಇನಿಟ್‌ಗ್ರಾಫ್’ ಕರೆಯಬೇಕು, ಗ್ರಾಫಿಕ್ಸ್‌ನ ಡ್ರೈವರ್ ಫೈಲ್‌ಗಳಿರುವ ಬಿಜಿಐ ಫೋಲ್ಡರ್ ಎಲ್ಲಿದೆ ಅಂತ ದಾರಿ ಹೇಳಬೇಕು, ಆ ದಾರಿಯಲ್ಲಿ ಹಿಂದಕ್ಕೆ ವಾಲಿದ ಗೆರೆಯನ್ನು ಎರಡೆರಡು ಸಲ ಹೊಡೆಯಬೇಕು. ಒಂದು ತಪ್ಪಿದರೂ ‘ಗ್ರಾಫಿಕ್ಸ್ ನಾಟ್ ಇನಿಷಿಯಲೈಸ್ಡ್’ ಎಂಬ ಒಂದೇ ಸಾಲು. ಇಲ್ಲಿ ಹೊಸಬರ ಹೊತ್ತು ಹೋಗುವುದು ಚಿತ್ರ ಕಲಿಯುವುದರಲ್ಲಲ್ಲ, ಫೋಲ್ಡರ್ ಹುಡುಕುವುದರಲ್ಲಿ.

ದಾಟಿದ ಮೇಲೆ ಪರವಾಗಿಲ್ಲ. ಪರದೆ 640ಕ್ಕೆ 480. ಕನ್ನಡಿಗಳನ್ನು 40ರಿಂದ 80ರ ಅಂತರದಲ್ಲಿ ಇಡುತ್ತಾ ಹೋದರೆ ಎಂಟನೆಯದು 600ಕ್ಕೆ. ಬಣ್ಣ ಒಮ್ಮೆಗೆ 16 ಮಾತ್ರ, ಲಂಬಾಣಿ ಬಟ್ಟೆಯ ಬಣ್ಣಗಳ ಮುಂದೆ ಅದು ಬಡವಾಗಿ ಕಾಣುತ್ತದೆ. ಬಣ್ಣ ತುಂಬುವ ‘ಫ್ಲಡ್‌ಫಿಲ್’ಗೆ ಅಂಚಿನ ಬಣ್ಣ ಸರಿಯಾಗಿ ಹೇಳಬೇಕು. ಗೆರೆಯಲ್ಲಿ ಒಂದು ಪಿಕ್ಸೆಲ್ (ಪರದೆಯ ಒಂದು ಚುಕ್ಕೆ) ಬಿಟ್ಟುಹೋಗಿದ್ದರೂ ಬಣ್ಣ ಹೊರಗೆ ಸೋರಿ ಪರದೆ ತುಂಬಿಬಿಡುತ್ತದೆ. ಮೌಸ್ ಬೇಕೆಂದರೆ ಡಾಸ್ ಇಂಟರಪ್ಟ್ ಕರೆಯಬೇಕು. ಆ ಪಾಡು ಇಲ್ಲಿ ಬೇಡ.

ಹಾಗಂತ ಪೂರ್ತಿ ದಂಡ ಅನ್ನುವುದಿಲ್ಲ. ಒಂದೊಂದೇ ಪಿಕ್ಸೆಲ್ ಇಟ್ಟು ಗೆರೆ ಹೇಗೆ ಹುಟ್ಟುತ್ತದೆ ಅಂತ ನೋಡಲು ಇಂಥ ಸಣ್ಣ, ದೊರಗು ಪರದೆ ಚೆನ್ನಾಗಿದೆ. ಐಬಿಎಂನಲ್ಲಿದ್ದ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಯೋಚಿಸಿ, 1965ರಲ್ಲಿ ಪ್ರಕಟಿಸಿದ ಗೆರೆ ಎಳೆಯುವ ವಿಧಾನ ಇವತ್ತಿಗೂ ಸಿಲೆಬಸ್‌ನಲ್ಲಿದೆ. ದಶಮಾಂಶವೂ ಇಲ್ಲ, ಭಾಗಾಕಾರವೂ ಇಲ್ಲ, ಬರೀ ಪೂರ್ಣಾಂಕದ ಕೂಡುವುದು, ಕಳೆಯುವುದು. ಮುಂದಿನ ಪಿಕ್ಸೆಲ್ ನೇರ ಪಕ್ಕದ್ದೋ, ಪಕ್ಕದ ಮೇಲಿನದ್ದೋ ಅಂತ ಪ್ರತಿ ಹೆಜ್ಜೆಗೂ ತೀರ್ಮಾನ. ಆದರೆ ಇದನ್ನೂ ಪಿ5ನಲ್ಲಿ ಸಣ್ಣ ಚೌಕಗಳನ್ನು ದೊಡ್ಡ ಪಿಕ್ಸೆಲ್ ಅಂತ ಇಟ್ಟುಕೊಂಡು ಮಾಡಬಹುದು, ಇನ್ನೂ ಚೆನ್ನಾಗಿ ಕಾಣುತ್ತದೆ.

ಒಂದರಿಂದ ಇನ್ನೊಂದಕ್ಕೆ ಹಾರುವಾಗ

ಕಾಲು ಜಾರುವುದು ಭಾಷೆಯಿಂದಲ್ಲ, ದಿಕ್ಕಿನಿಂದ. ಸ್ಕ್ರಾಚ್ ಮತ್ತು ಟರ್ಟಲ್‌ನಲ್ಲಿ ಸೊನ್ನೆ ನಡುವೆ, ವೈ ಹೆಚ್ಚಾದರೆ ಮೇಲೆ. ಪಿ5 ಮತ್ತು ಟರ್ಬೊ ಸಿಯಲ್ಲಿ ಸೊನ್ನೆ ಎಡ ಮೇಲ್ಮೂಲೆಯಲ್ಲಿ, ವೈ ಹೆಚ್ಚಾದರೆ ಕೆಳಗೆ. ಟರ್ಟಲ್‌ನಲ್ಲಿ ಸೊನ್ನೆ ಡಿಗ್ರಿ ಅಂದರೆ ಪೂರ್ವಕ್ಕೆ ಮುಖ, ಕೋನ ಗಡಿಯಾರದ ವಿರುದ್ಧ ದಿಕ್ಕಿಗೆ ಬೆಳೆಯುತ್ತದೆ. ಸ್ಕ್ರಾಚ್‌ನಲ್ಲಿ ಸೊನ್ನೆ ಮೇಲಕ್ಕೆ, 90 ಬಲಕ್ಕೆ, ಗಡಿಯಾರದ ದಿಕ್ಕಿಗೇ. ಪಿ5 ನೀವು ಹೇಳದಿದ್ದರೆ ಡಿಗ್ರಿಯನ್ನೇ ತಗೊಳ್ಳುವುದಿಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಕೇಳುತ್ತದೆ. ಅಲ್ಲಿ 90 ಅಂತ ಕೊಟ್ಟರೆ ಚಿತ್ರ ಎತ್ತೆತ್ತಲೋ ತಿರುಗಿ ನಿಲ್ಲುತ್ತದೆ. ಆ್ಯಂಗಲ್‌ಮೋಡ್ ಡಿಗ್ರಿಗೆ ಬದಲಿಸಿಕೊಳ್ಳಿ.

ವೃತ್ತದಲ್ಲೂ ಇದೇ ಕಥೆ. ಟರ್ಟಲ್, ಟರ್ಬೊ ಸಿ ಎರಡೂ ತ್ರಿಜ್ಯ ಕೇಳುತ್ತವೆ, ಪಿ5 ವ್ಯಾಸ ಕೇಳುತ್ತದೆ. ವೃತ್ತ ಅರ್ಧಕ್ಕರ್ಧ ಚಿಕ್ಕದಾಗಿ ಬಂದರೆ ಕಾರಣ ಇದೇ. ಬಣ್ಣಕ್ಕೆ ಪಿ5 0ಯಿಂದ 255, ಟರ್ಟಲ್ ಮತ್ತು ಓಪನ್‌ಜಿಎಲ್ 0ಯಿಂದ 1. ಕೆಂಪು, ಹಸಿರು, ನೀಲಿ ಮೂರಕ್ಕೂ 256 ಮಟ್ಟ ಅಂದರೆ ಒಟ್ಟು 1,67,77,216 ಬಣ್ಣ. ಈ ನಾಲ್ಕು ವ್ಯತ್ಯಾಸಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಕೈಯಲ್ಲಿರುವ ಯಂತ್ರ

ಬರೀ ಫೋನ್ ಇದ್ದರೆ ಪಿ5 ಒಂದೇ ದಾರಿ ಅನ್ನಬಹುದು. ಸಣ್ಣ ಪರದೆಯಲ್ಲಿ ಬ್ರ್ಯಾಕೆಟ್ ಹೊಡೆಯುವುದು ಕಿರಿಕಿರಿ, ಆದರೂ ಓಡುತ್ತದೆ. ಸ್ಕ್ರಾಚ್‌ಗೆ ಟ್ಯಾಬ್ಲೆಟ್ ಆದರೂ ಬೇಕು, ಫೋನಿನಲ್ಲಿ ಬ್ಲಾಕ್ ಎಳೆಯಲು ಜಾಗ ಸಾಲದು. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇಲ್ಲಿ ಹೇಳಿದ ಎಲ್ಲವೂ ನಡೆಯುತ್ತವೆ. ಯೂನಿಟಿಯಂಥ ದೊಡ್ಡ ಗೇಮ್ ಎಂಜಿನ್ ಹಾಕಿದಿರೋ, ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಗೇಮ್ ಎಂಜಿನ್ನೇ ಬೇಕು ಅನ್ನುವವರು ಗೊಡೊ ನೋಡಿ, ಹಗುರ, ಪುಕ್ಕಟೆ. ಆದರೆ ಪಿ5ನಲ್ಲಿ ಒಂದು ಸಣ್ಣ ಗೇಮ್ ಮುಗಿಸಿದ ಮೇಲೆ.

ಕರೆಂಟಿನ ಮಾತೂ ಬೇಕು. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವೇ ಇದೆ, ಆದರೂ ಸುತ್ತಲಿನ ಹಳ್ಳಿಯವರನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾರೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕೂತವರು ಹತ್ತು ಸಾಲಿಗೊಮ್ಮೆ ಸೇವ್ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಪಿ5 ಎಡಿಟರ್‌ನಲ್ಲಿ ಲಾಗಿನ್ ಆಗಿ ಸೇವ್ ಮಾಡಿದರೆ ಕೋಡ್ ಅವರ ಸರ್ವರ್‌ನಲ್ಲಿರುತ್ತದೆ, ನಾಳೆ ಬೇರೆ ಕಂಪ್ಯೂಟರಿನಿಂದಲೂ ತೆರೆಯಬಹುದು.

ಇಂಗ್ಲಿಷ್ ಬಗ್ಗೆ ಅಂಜುವವರಿಗೆ ಒಂದು ಸಮಾಧಾನ. ಕಮಾಂಡ್‌ಗಳು ಇಂಗ್ಲಿಷ್‌ನಲ್ಲೇ ಇರಬೇಕು, ನೀವು ಇಡುವ ಹೆಸರುಗಳು ಇರಬೇಕಿಲ್ಲ. ಪೈಥಾನ್ 3ರಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ‘ಅಗಲ = 480’, ‘ಕನ್ನಡಿ = 8’ ಅಂತ ಕನ್ನಡದಲ್ಲೇ ಬರೆದರೆ ಓಡುತ್ತದೆ. ಮೊದಲ ತಿಂಗಳು ಹಾಗೆ ಬರೆಯಲು ಬಿಟ್ಟರೆ ಮಕ್ಕಳು ಯಾವುದು ಭಾಷೆಯ ಪದ, ಯಾವುದು ನಾನಿಟ್ಟ ಹೆಸರು ಅಂತ ತಾವೇ ಬಿಡಿಸಿಕೊಳ್ಳುತ್ತಾರೆ. ಟರ್ಬೊ ಸಿಯಲ್ಲಿ ಇದು ನಡೆಯುವುದಿಲ್ಲ.

ಫೀಸ್ ಕಟ್ಟುವ ಮೊದಲು ಸೆಂಟರಿನವರನ್ನು ಎರಡು ಮಾತು ಕೇಳಿ: ಮೊದಲ ವಾರದಲ್ಲಿ ನನ್ನ ಮಗ ಏನು ಬಿಡಿಸುತ್ತಾನೆ? ಮನೆಯ ಕಂಪ್ಯೂಟರಿನಲ್ಲಿ ಅದನ್ನೇ ಮಾಡಬಹುದಾ? ಎರಡಕ್ಕೂ ಸರಿಯಾದ ಉತ್ತರ ಬಾರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಸ್ಕ್ರಾಚ್, ಪೈಥಾನ್, ಪಿ5 ಮೂರೂ ಪುಕ್ಕಟೆ. ಸೆಂಟರಿಗೆ ಕೊಡುವ ದುಡ್ಡು ಪಕ್ಕದಲ್ಲಿ ಕೂತು ತಿದ್ದುವ ಮನುಷ್ಯನಿಗೆ, ಸಾಫ್ಟ್‌ವೇರಿಗಲ್ಲ.

ಓಪನ್‌ಜಿಎಲ್, ಮತ್ತು ಇಂಜಿನಿಯರಿಂಗ್‌ನವರಿಗೆ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಈ ಆಯ್ಕೆ ಹೆಚ್ಚೇನೂ ಇರುವುದಿಲ್ಲ. 2018ರ ಸ್ಕೀಮಿನ ಆರನೇ ಸೆಮಿಸ್ಟರ್ ಗ್ರಾಫಿಕ್ಸ್ ಲ್ಯಾಬ್ ಓಪನ್‌ಜಿಎಲ್‌ನಲ್ಲೇ ಇತ್ತು: ಬ್ರೆಸೆನ್‌ಹ್ಯಾಮ್ ಗೆರೆ, ತಿರುಗುವ ಬಣ್ಣದ ಘನ, ಕೋಹೆನ್-ಸದರ್‌ಲ್ಯಾಂಡ್ ಕ್ಲಿಪ್ಪಿಂಗ್, ಮೇಜಿನ ಮೇಲಿನ ಟೀಪಾಟ್. ಆ ಟೀಪಾಟ್ 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ಅಳತೆ ತೆಗೆದು ಕಂಪ್ಯೂಟರಿಗೆ ಏರಿಸಿದ್ದು, ಇವತ್ತಿಗೂ ಜಗತ್ತಿನ ಗ್ರಾಫಿಕ್ಸ್ ವಿದ್ಯಾರ್ಥಿಗಳು ಅದನ್ನೇ ಬೆಳಗಿಸುತ್ತಿದ್ದಾರೆ.

ಓಪನ್‌ಜಿಎಲ್ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಿಂದ 1992ರಲ್ಲಿ ಬಂತು. ಇದು ಚಿತ್ರ ಬಿಡಿಸುವ ಪೆಟ್ಟಿಗೆಯಲ್ಲ, ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ವಿಧಾನ. ನಮ್ಮ ಎಂಟು ಕನ್ನಡಿ ಮಾಡಬೇಕೆಂದರೆ ಮೊದಲು ವಿಂಡೋ ತೆರೆಯಬೇಕು, ವ್ಯೂಪೋರ್ಟ್ (ವಿಂಡೋದ ಯಾವ ಭಾಗದಲ್ಲಿ ಚಿತ್ರ) ಹೇಳಬೇಕು, ಪ್ರೊಜೆಕ್ಷನ್ (ಎಲ್ಲಿಂದ ಎಲ್ಲಿಯವರೆಗಿನದು ಕಾಣಬೇಕು) ಹೊಂದಿಸಬೇಕು, ಆಮೇಲೆ ಚೌಕ. ವೃತ್ತಕ್ಕೆ ಕಮಾಂಡೇ ಇಲ್ಲ, ಸೈನ್, ಕೊಸೈನ್ ಹಾಕಿ ತ್ರಿಕೋನಗಳನ್ನು ಸುತ್ತ ಜೋಡಿಸಬೇಕು. ಪ್ರೊಜೆಕ್ಷನ್ ಒಂದು ಅಂಕಿ ತಪ್ಪಿದರೆ ಮತ್ತದೇ ಕಪ್ಪು ಪರದೆ. ಚಿತ್ರ ಇದೆ, ಆದರೆ ಕಣ್ಣಿನ ಆಚೆ ಎಲ್ಲೋ ಇದೆ. ವಿಂಡೋ, ಮೌಸ್ ನೋಡಿಕೊಳ್ಳುವ ಗ್ಲಟ್ ಎಂಬ ಲೈಬ್ರರಿ ಬಳಸಿ ಮೌಸ್ ಓದಿದರೆ ವೈ ಮೇಲಿನಿಂದ ಎಣಿಸಿ ಬರುತ್ತದೆ, ಬಿಡಿಸುವಾಗ ಕೆಳಗಿನಿಂದ ಎಣಿಸುತ್ತೇವೆ. ವಿಂಡೋದ ಎತ್ತರದಿಂದ ಕಳೆಯದಿದ್ದರೆ ಕೆಳಗಿರುವ ಕನ್ನಡಿ, ಮೌಸ್ ಮೇಲೆ ಹೋದಾಗ ಹೊಳೆಯುತ್ತದೆ.

ಇನ್ನೂ ಒಂದು ತೊಡಕು. ಲ್ಯಾಬಿನಲ್ಲಿ ಬರೆಸುವ ‘ಬಿಗಿನ್’, ‘ಎಂಡ್’ ಶೈಲಿ ಹಳೆಯದು. 2008ರ ಓಪನ್‌ಜಿಎಲ್ 3.0ದಲ್ಲೇ ಅದನ್ನು ಬಿಡಬೇಕಾದ ಪಟ್ಟಿಗೆ ಸೇರಿಸಿದ್ದರು. ಈಗಿನದು ಗ್ರಾಫಿಕ್ಸ್ ಕಾರ್ಡಿನಲ್ಲೇ ಓಡುವ ಸಣ್ಣ ಪ್ರೋಗ್ರಾಂಗಳಾದ ಶೇಡರ್, ಬಿಂದುಗಳನ್ನು ಅಲ್ಲೇ ತುಂಬಿಡುವ ಬಫರ್‌ಗಳ ದಾರಿ. ಯೂಟ್ಯೂಬ್‌ನ ಹೊಸ ಪಾಠ ನೋಡಿ ಲ್ಯಾಬ್ ಪ್ರೋಗ್ರಾಂ ಬರೆಯಲು ಹೋದರೆ ಎರಡೂ ಕಲಸಿಹೋಗುತ್ತವೆ. ಪರೀಕ್ಷೆ ಮುಗಿಯುವವರೆಗೆ ಹಳೆಯದನ್ನೇ ಹಿಡಿಯಿರಿ, ಕೆಲಸ ಹುಡುಕುವಾಗ ಹೊಸದು.

ಐದನೇ ಸೆಮಿಸ್ಟರಿನ ರಜೆ ಕೈಯಲ್ಲಿದ್ದರೆ ಹೀಗೆ ಮಾಡಿ. ಪಿ5ನಲ್ಲಿ ಕ್ಯಾನ್ವಾಸ್ ತೆರೆಯುವಾಗ ‘ವೆಬ್‌ಜಿಎಲ್’ ಎಂಬ ಪದ ಸೇರಿಸಿ. ಆಗ ಸೊನ್ನೆ ನಡುವಿಗೆ ಬರುತ್ತದೆ, ಮೂರನೇ ಆಯಾಮ ಸಿಗುತ್ತದೆ, ‘ಬಾಕ್ಸ್’ ಅಂದರೆ ಘನ, ‘ರೊಟೇಟ್ ಎಕ್ಸ್’ ಅಂದರೆ ಅದು ತಿರುಗುತ್ತದೆ. ತಿರುಗಿಸಿ ಸರಿಸುವುದಕ್ಕೂ ಸರಿಸಿ ತಿರುಗಿಸುವುದಕ್ಕೂ ಏನು ವ್ಯತ್ಯಾಸ ಅಂತ ಅಲ್ಲಿ ಕೈಯಾರೆ ಮಾಡಿ ನೋಡಿ. ಲ್ಯಾಬ್ ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಲು ಇಷ್ಟಪಡುವ ಪ್ರಶ್ನೆ ಅದು.